ಆಗಬಹುದಾದ ಮಳೆ, ಆಗುತ್ತಿರುವ ಮಳೆ

ಕಾಕಾ,

ನಮಸ್ಕಾರ ಅಂತ ಬರೆದರೆ ನೀನು ನಗುತ್ತೀ, ಅದಕ್ಕೇ ಬಿಟ್ಟೆ. ನೀನು ಹೋದ ಮೇಲೆ ನಿನ್ನ ಫೋನು ನನ್ನ ಕೈಗೆ ಬಂತು, ಅದರ ಹಿಂದೆಯೇ ತೆಲಸಂಗದ ಅರ್ಧ ಊರಿನ ಚಿಂತೆಯೂ ಬಂತು. ಒಂದು ಮೋಡ ಕಂಡರೆ ಸಾಕು, "ಶಾಂತಕ್ಕಾ, ಶೆಡ್ಡಿನ ಪಡದಾ ಬಿಡೂನೋ ಬ್ಯಾಡೋ?" ಅಂತ ಶುರು. ಬಿಟ್ಟರೆ ಗಾಳಿಯಾಡದೆ ಒಣದ್ರಾಕ್ಷಿ ಕಪ್ಪಾಗುತ್ತದೆ, ಬಿಡದಿದ್ದರೆ ಮಳೆಗೆ ಕೊಳೆಯುತ್ತದೆ. ಇಷ್ಟು ವರ್ಷ ಇದನ್ನೆಲ್ಲ ಹೇಗೆ ತಡೆದುಕೊಂಡೆ ನೀನು?

ಹೋದ ವರ್ಷದ ಆ ಮಧ್ಯಾಹ್ನ ನೆನಪಿದೆಯಾ? ಯಾರೋ ದ್ರಾಕ್ಷಿ ಬೆಳೆಗಾರರ ಫೋನ್ ಗ್ರೂಪಿಗೆ ಒಂದು ಚಿತ್ರ ಹಾಕಿದರು, ಅಥಣಿ ಕಡೆಯೆಲ್ಲ ಕೆಂಪೋ ಕೆಂಪು. ರಾಡಾರ್ ಚಿತ್ರವೆಂದು ನಂಬಿ ಊರಿಗೆ ಊರೇ ಪಡದೆ ಇಳಿಸಿತು. ಹನಿ ಬೀಳಲಿಲ್ಲ. ಮುಂದೆ ರಾಡಾರ್ ಹೀಗೆ ಕಾಣಬಹುದು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಬರೆದ ಚಿತ್ರ ಅದು. ಮರುದಿನವೂ ಹೆದರಿ ಯಾರೂ ಪಡದೆ ಎತ್ತಲಿಲ್ಲ, ಮಾಲೆಲ್ಲ ಕಪ್ಪಾಯಿತು. ನೀನು ಎಲ್ಲರನ್ನೂ ಕಟ್ಟೆಗೆ ಕರೆದು ಹೇಳಿದೆ: "ಇದು ಆಗಬಹುದಾದ ಮಳಿ, ರಾಡಾರಿಂದು ಆಗಾಕತ್ತಿದ ಮಳಿ. ಎರಡಕ್ಕೂ ಒಂದ ಬಣ್ಣ ಹಚ್ಯಾರ, ನಾವು ಮೋಸ ಹೋಗೇವಿ. ಇನ್ನ ಮ್ಯಾಲ ಎರಡೂ ಬಾಜೂಬಾಜೂಕ ಇಟ್ಟ ನೋಡೂನು."

ಈಗ ಹಾಗೆ ಇಟ್ಟು ನೋಡುವ ಕೆಲಸ ನನ್ನದು. ಒಂದರಲ್ಲಿ ಮಳೆ ತೆಲಸಂಗಕ್ಕೆ, ಇನ್ನೊಂದರಲ್ಲಿ ದೂರದ ಜುಗೂಳಕ್ಕೆ. ಒಂದು ಬೇಗ, ಒಂದು ತಡ. ರಾಡಾರಾದರೂ ಪೂರ್ತಿ ನಿಜವೇ? ಅದು ಇರುವುದು ದೂರದಲ್ಲಿ, ಅದರ ಕಿರಣ ನಮ್ಮ ತಗ್ಗಿನ ಮೋಡಗಳ ತಲೆಯ ಮೇಲೆ ಹಾದುಹೋಗುತ್ತದಂತೆ. ಹಾಗಾದರೆ ನಂಬುವುದು ಯಾವುದನ್ನ... ಮಳೆ ಬಂದರೂ ನನಗೇ ಬೈಗುಳ, ಬಾರದಿದ್ದರೂ ನನಗೇ. ದಣಿದಿದ್ದೇನೆ ಕಾಕಾ.

ಶೆಡ್ಡಿನಲ್ಲಿ ನೀನು ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಕಾಕು ಕೈಮೇಲೆ ಹೊಡೆಯುತ್ತಿದ್ದಳು. "ಶುಗರ್ ಐತಿ ನಿಮಗ, ಎಷ್ಟ ಸಲ ಹೇಳಬೇಕ್ರಿ?" ಜನ್ಮವಿಡೀ ದ್ರಾಕ್ಷಿ ಒಣಗಿಸಿ ಮಣೂಕ ಮಾಡಿ, ತಿನ್ನುವ ಭಾಗ್ಯವಿಲ್ಲದವನು ನೀನು. ದಸರೆ ಮುಗಿದ ಮೇಲೆ ನೀನೇ ನಿಂತು ಕಡ್ಡಿ ಸವರಿಸಿ ಚಾಟಣಿ ಮಾಡಿಸಿದ ಬಳ್ಳಿ, ಹಣ್ಣಾಗುವಷ್ಟರಲ್ಲಿ ನೀನೇ ಇರಲಿಲ್ಲ. ನಿನ್ನ ಆ ಕೊನೆಯ ಬೆಳೆ ಈ ಸಲ ಶೆಡ್ಡಿನ ಬಲೆಗಳ ಮೇಲೆ ಹರಡಿತ್ತು. ಬೇರೆ ಏನು ಹೋದರೂ ಇದೊಂದು ಕೆಡಬಾರದು ಅನ್ನಿಸುತ್ತಿತ್ತು.

ಅದು ಒಣಗುತ್ತಿದ್ದ ಒಂದು ದಿನ ಕಂಪ್ಯೂಟರ್ ಚಿತ್ರದಲ್ಲಿ ನಾಲ್ಕು ಗಂಟೆಗೆ ನಮ್ಮ ತಲೆಯ ಮೇಲೇ ಮಳೆ. ರಾಡಾರ್ ಖಾಲಿ, ಹೊರಗೆ ರಣಬಿಸಿಲು. ಕಾಕು ಪಡದೆಯ ಹಗ್ಗ ಹಿಡಿದು ನಿಂತಿದ್ದಳು. "ಬಿಡಲೇನಬೇ?"

"ತಡಿ ಕಾಕು," ಅಂದೆ. ನಾಲ್ಕಾಯಿತು, ಐದಾಯಿತು. ಆಮೇಲೆ ರಾಡಾರಿನಲ್ಲಿ ಜುಗೂಳದ ಕಡೆ ಒಂದು ಹಸಿರು ಚುಕ್ಕೆ ಎದ್ದು, ನೋಡುನೋಡುತ್ತ ಹಳದಿಯಾಗಿ ನಮ್ಮತ್ತ ಸರಿಯಿತು. ಅದೇ ಮಳೆ, ತಡವಾಗಿ ಹೊರಟಿತ್ತು. "ಈಗ ಬಿಡು!" ಅಂದವಳೇ ಗ್ರೂಪಿಗೂ ಹೇಳಿದೆ. ಪಡದೆ ಇಳಿದು ಸ್ವಲ್ಪ ಹೊತ್ತಿಗೆ ಮಳೆ ಬಡಿಯಿತು. ಬೆಳಿಗ್ಗೆ ಬಿಸಿಲು ಕಂಡ ಕೂಡಲೇ ಎತ್ತಿದೆವು.

ನಿನ್ನ ಮಣೂಕ ಕೆಡಲಿಲ್ಲ ಕಾಕಾ, ಕಪ್ಪಾಗದೆ ಹಸಿರಾಗಿಯೇ ಒಣಗಿತು. ನಿನ್ನೆ ಅಮಾವಾಸ್ಯೆಗೆ ಕಾಕು ನಿನ್ನ ಫೋಟೊ ಮುಂದೆ ಎಡೆ ಇಟ್ಟಳು. ಹೋಳಿಗೆಯ ಪಕ್ಕದಲ್ಲಿ ಬಟ್ಟಲ ತುಂಬ ಮಣೂಕ. ನಾನು ಸುಮ್ಮನಿರಲಾರದೆ, "ಇಷ್ಟ್ಯಾಕ ಕಾಕು, ಶುಗರ್..." ಅಂದುಬಿಟ್ಟೆ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಹಿಡಿ ಹಾಕಿದಳು. "ಈಗೆಲ್ಲೈತಿ ಶುಗರ್? ತಿನ್ಲಿ ಬಿಡು, ಹೊಟ್ಟಿ ತುಂಬ."