ಹಳೇ ರೂಟರ್ ಬಿಚ್ಚಿಸಲಿಲ್ಲ

ಪುಟ್ಟಿಗೆ,

ಮೊನ್ನೆ ಸಂಜೆ ನೆಟ್ ಕಂಪನಿಯವನು ಹೊಸ ರೂಟರ್ ತಂದು, ಹಳೇದನ್ನು ಬಿಸಾಕಿ ಅಂದ. ಹಳೇದಕ್ಕೆ ಆಗ ಯಾವ್ಯಾವ ಫೋನ್ ಸೇರಿವೆ ಅಂತ ತೋರಿಸಿದ. ನನ್ನದು, ನಿಮ್ಮಮ್ಮಂದು, ಜೊತೆಗೆ ನಿನ್ನದು! ಕಿಟಕಿಗೆ ಓಡಿದೆ. ಗೇಟಿನಾಚೆ ನಿನ್ನ ಸ್ಕೂಟರ್ ವಾಪಸ್ ತಿರುಗುತ್ತಿತ್ತು.

ನೀನು ಮೆಚ್ಚಿದವನನ್ನು ಮದುವೆಯಾದಾಗ ಈ ಹೊಸ್ತಿಲು ತುಳೀಬೇಡ ಅಂದವನು ನಾನೇ.

ಹೊಸದರ ವೈಫೈ ಆಫ್ ಮಾಡಿ, ಹಳೇದನ್ನೇ ಅದಕ್ಕೆ ಜೋಡಿಸಯ್ಯಾ ಅಂದೆ. ಗೊಣಗುತ್ತಾ ಜೋಡಿಸಿದ. ಪಾಸ್‌ವರ್ಡ್ ನೀನಿಟ್ಟದ್ದೇ ಇದೆ, ನೀನು ಹತ್ತಿರ ಬಂದರೆ ನಿನ್ನ ಫೋನ್ ತಾನಾಗೇ ಸೇರುತ್ತೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. "ಅಂಡು ಸುಟ್ಟ ಬೆಕ್ಕಿನ ಹಾಗೆ ಯಾಕ್ರೀ ಓಡಾಡ್ತೀರಾ?" ಅಂತ ನಿಮ್ಮಮ್ಮ ಬೈಯುತ್ತಾಳೆ.

ಗೇಟಿನ ಹತ್ತಿರ ಸಿಗ್ನಲ್ ಅಷ್ಟಕ್ಕಷ್ಟೇ ಕಣೇ. ಹಾಲ್‌ನಲ್ಲಿ ಚೆನ್ನಾಗಿ ಸಿಗುತ್ತೆ. ನಿನ್ನ ಗಂಡನ ಫೋನಿಗೂ ಸಿಗುತ್ತೆ.

ಕಿಟಕಿ ಪಕ್ಕದಿಂದ,
ಅಪ್ಪ