ಹಿರೇಮಡುವಿನ ಮೇಲೆ ನಾವು ಹೋದದ್ದು

ಹಿರೇಮಡು, ಭೀಮಾ ತೀರ
ಕ್ರಿ.ಶ. 2391, ಎರಡನೇ ಬೇಸಿಗೆಯ ಮೂವತ್ತೇಳನೇ ದಿನ

ಮುನ್ನೂರೈವತ್ತು ವರ್ಷಗಳಾಚೆಯ ಹಿರಿಯರಿಗೆ ನಮಸ್ಕಾರ. ನಮ್ಮ ವರ್ಷಕ್ಕೆ ಎರಡು ಬೇಸಿಗೆ. ಮಾತಿನಲ್ಲಿ ನಿಮಗೆ ಒಗ್ಗದ ಪದಗಳು ನುಸುಳಿದರೆ ಮನ್ನಿಸಿ. ನಾನು ನೀಲಗಂಗವ್ವ, ನೆರಳೂರೊಂದರ ದಳವಾಯಿಯಾಗಿದ್ದವಳು. ನೆರಳೂರೆಂದರೆ ಬಿಸಿಲಿಗೆ ಅಂಜಿ ಊರಿಗೂರೇ ಬಟ್ಟೆಯ ಚಾವಣಿ ಹೊದ್ದುಕೊಂಡ ಊರು. ನಸುಕಿನಲ್ಲೇ ಹೊಲಕ್ಕೆ ಹೋಗಿ, ಹೊತ್ತೇರುವಷ್ಟರಲ್ಲಿ ಅದರಡಿ ಸೇರಿಕೊಳ್ಳುತ್ತೇವೆ. ನೀರು ಮೇಲ್ಗಡೆಯ ಊರಾದ ಹಿರೇಮಡುವಿನ ಗೇಟಿನಿಂದ ಕಾಲುವೆಯಲ್ಲಿ ಬರುತ್ತದೆ. ಮನೆಗೆ ದಿನಕ್ಕೆರಡು ಕೊಡ. ರೊಟ್ಟಿಯ ಹಿಟ್ಟಿಗೂ ಅಳೆದು ಹಾಕುತ್ತೇವೆ.

ಮೂರು ವರ್ಷದ ಹಿಂದೆ ಕಾಲುವೆ ಒಮ್ಮೆಲೇ ಬತ್ತಿತು. ಒಂಬತ್ತನೇ ದಿನ ನನ್ನ ತಂಗಿಯ ಕೂಸು ಸತ್ತಿತು. ಊರಿನ ಮುಖ್ಯಸ್ಥ ಶರಭಯ್ಯ ನನ್ನನ್ನು ಕರೆಸಿ, ಹಿರೇಮಡುವಿನವರ ಮೇಲೆ ದಂಡು ಕಟ್ಟಿಕೊಂಡು ಹೋಗು ಎಂದ. ನನಗೆ ಬಂದೂಕು ಹಿಡಿಯಲು ಕಲಿಸಿದವನು ಅವನು; ಮಾತುಕತೆ ಮುಗಿದ ಮೇಲಷ್ಟೇ ಯುದ್ಧ ನ್ಯಾಯ ಎಂದು ಕಲಿಸಿದವನೂ ಅವನೇ. ಹಾಗಾಗಿ ಕೇಳಿದೆ, "ಮಾತಾಡಾಕ ಯಾರನ್ನರ ಕಳಿಸಿದ್ರ್ಯಾ?"

"ಮೂರು ಸಲ ಕಳಿಸೀನಿ. ಮೂರೂ ಸಲ ಬೈದು ಅಟ್ಯಾರ. ಗೇಟ್ ಬಂದ್ ಮಾಡಿ ನಗಾಕತ್ತಾರ, ನೀಲಾ."

ನಂಬಿದೆ. ನೀರು ತಡೆದು ಕೂಸುಗಳನ್ನು ಕೊಲ್ಲುವವರ ಮೇಲೆ ಹೋಗುವುದು ನ್ಯಾಯವೆಂದು ಇನ್ನೂರು ಜನರೆದುರು ನಿಂತು ಹೇಳಿದೆ. ನನ್ನ ಮಾತಿನ ಮೇಲೆ ಹೊರಟರು. ಒಂದೇ ಬೆಳಗಿನಲ್ಲಿ ಹಿರೇಮಡು ನಮ್ಮದಾಯಿತು. ಅವರ ಕಡೆ ಮೂವತ್ತೊಂದು ಹೆಣ, ನಮ್ಮ ಕಡೆ ನಾಲ್ಕು. ಸತ್ತವರ ಕೈಯಲ್ಲಿ ಬಂದೂಕಿಗಿಂತ ಸಲಿಕೆಗಳೇ ಹೆಚ್ಚಿದ್ದವು.

ಗೇಟು ಕಾಯುವ ಮುದುಕಿ ಹುಸೇನಬಿ ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ಗೇಟ್ ಯಾಕ ಮುಚ್ಚಿದ್ರಿ?" ಎಂದೆ.

"ನಾವೆಲ್ಲಿ ಮುಚ್ಚೀವಿ ಯವ್ವಾ? ಸರಪಳಿ ಹರದು ಗೇಟ್ ತಾನ ಬಿದ್ದದ. ಎತ್ತಾಕ ಮಂದಿ ಕಳಸ್ರಿ ಅಂತ ನನ್ನ ಮಗನ ಬಂದು ನಿಮ್ಮ ಶರಭಯ್ಯಗ ಹೇಳಿದ್ನಲ್ಲ. ನೀವು ಬರಲಿಲ್ಲ ಅಂತ ಬಾಜೂಕ ಬ್ಯಾರೆ ಕಾಲುವಿ ತೋಡಾಕತ್ತಿದ್ರು, ನಿಮ್ಮ ಊರಿಗೆ ನೀರು ಹೋಗಲಿ ಅಂತ."

ಅಂದೇ ನಮ್ಮವರಿಂದ ಗೇಟು ಎತ್ತಿಸಿ, ಹಿಂದಿರುಗಿ ಶರಭಯ್ಯನ ಎದುರು ನಿಂತೆ. ಅವನು ಮುಖ ತಪ್ಪಿಸಲಿಲ್ಲ.

"ಇವತ್ತ ಸರಪಳಿ ಹರೀತು, ನಾಳೆ ಅವರ ಮನಸ್ಸು ಕೆಡತದ. ಗೇಟ್ ನಮ್ಮ ಕೈಯಾಗಿರಬೇಕಿತ್ತು. ಖರೇ ಹೇಳಿದ್ರ ನೀ ಹೋಗತಿರಲಿಲ್ಲ."

ನನ್ನ ನ್ಯಾಯಬುದ್ಧಿಯನ್ನೇ ಅವನು ಆಯುಧ ಮಾಡಿಕೊಂಡಿದ್ದ. ಊರ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಜನ ಕೇಳಿಸಿಕೊಂಡರು, ಆಮೇಲೆ ಒಬ್ಬೊಬ್ಬರೇ ಕೊಡ ತುಂಬಿಕೊಳ್ಳಲು ಎದ್ದು ಹೋದರು. ಶರಭಯ್ಯ ಇಂದಿಗೂ ಮುಖ್ಯಸ್ಥ. ನಾನು ದಳವಾಯಿತನ ಬಿಟ್ಟು ಹಿರೇಮಡುವಿಗೆ ಬಂದು ಅವರ ಅರ್ಧ ಕಾಲುವೆಯನ್ನು ತೋಡಿ ಮುಗಿಸಿದೆ. ಹುಸೇನಬಿ ನನ್ನೊಡನೆ ಮಾತಾಡುವುದಿಲ್ಲ. ಕ್ಷಮೆ ಕೇಳಲು ನನಗೂ ಬಾಯಿ ಬಂದಿಲ್ಲ.

ಯುದ್ಧವೇ ಬೇಡವೆಂದು ನಾನು ಬರೆಯಲಾರೆ. ಅವರು ಬೇಕೆಂದೇ ನೀರು ತಡೆದಿದ್ದರೆ ಇಂದೂ ಹೋಗುತ್ತಿದ್ದೆ. ಆದರೆ ನಮ್ಮೂರಿನಿಂದ ಇಲ್ಲಿಗೆ ಮೂರೇ ಹರದಾರಿ. ಒಬ್ಬಳೇ, ಬರಿಗೈಯಲ್ಲಿ ಬಂದು ನೋಡಬಹುದಿತ್ತು. ನಿಮ್ಮಲ್ಲಿ ಸೈನ್ಯ ನಡೆಸುವವರಿಗೆ ನನ್ನದೊಂದೇ ಬೇಡಿಕೆ: ಹೇಳಿದವನು ನಿಮಗೆ ಎಷ್ಟೇ ಬೇಕಾದವನಾಗಿರಲಿ, ಮೊದಲು ನೀವೇ ಹೋಗಿ ನೋಡಿ ಬನ್ನಿ.