ಕೆರೆಯೆದುರು ಒಂದು ಚೊಂಬು ನೀರು

ಸೂಳೆಕೆರೆ, ೪-೧೦-೧೯೭೯

ದೊಡ್ಡಪ್ಪಾ, ಕೆರೆ ಏರಿಯ ಮೇಲೆ ಕೂತೇ ನಿಮಗೆ ನಮಸ್ಕಾರ ಹೇಳುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ, ತಮ್ಮ, ನಾನು ಮೂವರೂ ರಜೆಗೆಂದು ಊರು ಬಿಟ್ಟದ್ದು ಇದೇ ಮೊದಲು. ನೀರಿಲ್ಲದ ನಮ್ಮ ಜಗಳೂರಿನ ಕಣ್ಣಿಗೆ ಇದು ಕೆರೆಯೇ ಅಲ್ಲ, ಸಮುದ್ರ. ಎರಡು ಗುಡ್ಡಗಳ ನಡುವಿನ ಈ ಪುಟ್ಟ ಏರಿ ಇಷ್ಟು ನೀರನ್ನು ಹೇಗೆ ತಡೆದು ನಿಲ್ಲಿಸಿದೆಯೋ!

ಬುತ್ತಿ ಉಂಡ ಮೇಲೆ ಅವ್ವ ಒಂದೇ ಚೊಂಬು ನೀರು ತಂದಳು. ಊರಲ್ಲಿ ಮಾಡುವಂತೆಯೇ, ನೀರು ದಂಡವಾಗದಿರಲೆಂದು ಹೊಂಗೆಗಿಡದ ಬುಡದಲ್ಲಿ ನಮ್ಮ ಕೈ ತೊಳೆಸಿದಳು. ಮೀನು ಹಿಡಿಯುತ್ತಿದ್ದವರೊಬ್ಬರು ನಕ್ಕುಬಿಟ್ಟರು. "ಅಲ್ರೀ ಅಮ್ಮಾ, ಇಷ್ಟು ದೊಡ್ಡ ಕೆರೆ ಎದುರಿಗೇ ಐತೆ, ಚೊಂಬಿನ ನೀರಾಗೆ ಯಾಕ್ರೀ ತೊಳೀತೀರಿ?"

"ನಮ್ಮನೆಯೋರು ಹಿಂಗೇ ರೂಢಿ ಮಾಡಿಸಿ ಹೋಗ್ಯಾರೆ ಕಣ್ರೀ," ಎಂದಳು ಅವ್ವ. ಅಪ್ಪನ ಮಾತನ್ನು ಅವಳಾಗಿಯೇ ಎತ್ತಿದ್ದು ಇವತ್ತೇ ಮೊದಲು, ಅದೂ ಗುರುತಿಲ್ಲದವರ ಹತ್ತಿರ.

ತಮ್ಮ ಕೊಟ್ರೇಶಿಯ ನೆಗಡಿ ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಅಪ್ಪ ಕೈ ತೊಳೆಯುತ್ತಿದ್ದ ನಮ್ಮ ಹಿತ್ತಲ ನಿಂಬೆಗಿಡದ ಹತ್ತಿರ ಈಗ ಯಾರೂ ಸುಳಿಯುವುದಿಲ್ಲವಲ್ಲ, ಇನ್ನು ಮೇಲೆ ಊಟವಾದ ಕೂಡಲೇ ನೀವು ಅಲ್ಲೇ ಕೈ ತೊಳೆಯಬೇಕಂತೆ. ಅವ್ವ ಹೇಳಿ ಬರೆಸಿದ್ದಾಳೆ.

ರುದ್ರಾಣಿ